ಹನ್ನೊಂದನೇ ಕ್ಲಾಸಿನ ಅಮೆರಿಕನ್ ಲಿಟರೇಚರ್: ಕಥೆ ಗೊತ್ತು, ಎಸ್ಸೇ ಮಾತ್ರ ಬರುತ್ತಿಲ್ಲ

ಫ್ರಿಸ್ಕೋ ಅಮ್ಮ

ಎಲ್ಲರಿಗೂ ನಮಸ್ಕಾರ. ಮಗ ಈ ವರ್ಷ 11ನೇ ಕ್ಲಾಸು. ಮ್ಯಾತ್ಸ್, ಫಿಸಿಕ್ಸ್ ಬಗ್ಗೆ ಚಿಂತೆಯಿಲ್ಲ. ಇಂಗ್ಲಿಷ್ ಮಾತ್ರ ಬಿ ಮೈನಸ್ ಬಿಟ್ಟು ಮೇಲೆ ಏಳುತ್ತಿಲ್ಲ. ಇಲ್ಲೇ ಹುಟ್ಟಿ ಬೆಳೆದವನು, ನಮ್ಮ ಹತ್ತಿರ ಜಗಳ ಆಡುವುದೂ ಇಂಗ್ಲಿಷಿನಲ್ಲೇ. ಆದರೂ ಹೀಗೆ.

ಮೊನ್ನೆ 'ದಿ ಗ್ರೇಟ್ ಗ್ಯಾಟ್ಸ್‌ಬಿ' ಕಾದಂಬರಿ ಮೇಲೆ ಬರೆದ ಎಸ್ಸೇ ವಾಪಸ್ ಬಂತು. ಸ್ಪೆಲ್ಲಿಂಗ್ ತಪ್ಪಿಲ್ಲ, ವ್ಯಾಕರಣ ತಪ್ಪಿಲ್ಲ. ಪ್ಯಾರಾಗಳ ಪಕ್ಕದಲ್ಲೆಲ್ಲ ಟೀಚರ್ ಬರೆದಿದ್ದು ಒಂದೇ ಮಾತು: "ಸೋ ವಾಟ್?" ಕೊನೆಯಲ್ಲಿ, ಇದು ಕಥೆಯ ಸಾರಾಂಶ, ವಿಶ್ಲೇಷಣೆ ಅಲ್ಲ ಅಂತ. ಅವನಿಗೆ ಕೋಪ. ಪುಸ್ತಕ ಪೂರ್ತಿ ಓದಿದ್ದೇನೆ, ಇನ್ನೇನು ಬೇಕಂತೆ ಅವರಿಗೆ ಅಂತಾನೆ.

ನಾನು ಶಿವಮೊಗ್ಗದಲ್ಲಿ ಕನ್ನಡ ಮೀಡಿಯಂ ಓದಿದವಳು, ಆಮೇಲೆ ಬಿಕಾಂ. ಈ ಅಮೆರಿಕನ್ ಲೇಖಕರನ್ನು ಯಾರನ್ನೂ ಓದಿಲ್ಲ. ಇದರಲ್ಲಿ ನನ್ನಿಂದ ಏನಾದರೂ ಸಹಾಯ ಆದೀತಾ? ಇಲ್ಲ ಟ್ಯೂಷನ್ನೇ ಗತಿಯಾ? ಮೇ ತಿಂಗಳಲ್ಲಿ ಎಪಿ ಲ್ಯಾಂಗ್ವೇಜ್ (ಹೈಸ್ಕೂಲಿನಲ್ಲೇ ಬರೆಯುವ ಕಾಲೇಜು ಮಟ್ಟದ ಇಂಗ್ಲಿಷ್) ಪರೀಕ್ಷೆ ಬೇರೆ ಇದೆ.

ತುಮಕೂರು ಅಪ್ಪ

ಮೇಡಂ, ಕಾಲೇಜು ಪ್ರವೇಶದ ಎಸ್‌ಎಟಿ ಪರೀಕ್ಷೆಯ ರೀಡಿಂಗ್‌ನಲ್ಲಿ ಎಷ್ಟು ಬಂದಿದೆ? ಅದು ಚೆನ್ನಾಗಿದ್ದರೆ ಹುಡುಗನಿಗೆ ಇಂಗ್ಲಿಷ್ ಬರುತ್ತದೆ ಅಂತಲೇ ಅರ್ಥ. ಟೀಚರ್ ಸುಮ್ನೆ ಕಟ್ಟುನಿಟ್ಟು ಇರಬಹುದು. ಹೇಗೂ ಇಂಜಿನಿಯರಿಂಗ್ ತಾನೇ ಮಾಡುವುದು, ಗ್ಯಾಟ್ಸ್‌ಬಿ ಕಟ್ಟಿಕೊಂಡು ಏನಾಗಬೇಕು?

ಫ್ರಿಸ್ಕೋ ಅಮ್ಮ

800ಕ್ಕೆ 720 ಬಂದಿದೆ. ಅದಕ್ಕೇ ನನಗೂ ಅರ್ಥ ಆಗದೆ ಇರುವುದು.

ಎಡಿಸನ್ ಟೀಚರ್

ನಾನು ನ್ಯೂಜೆರ್ಸಿಯ ಒಂದು ಪಬ್ಲಿಕ್ ಹೈಸ್ಕೂಲಿನಲ್ಲಿ ಇದೇ 11ನೇ ಕ್ಲಾಸಿಗೆ ಇಂಗ್ಲಿಷ್ ಪಾಠ ಮಾಡುತ್ತೇನೆ. ನಿಮ್ಮ ಮಗನಂಥ ಮಕ್ಕಳು ಪ್ರತಿ ವರ್ಷ ನನ್ನ ಕ್ಲಾಸಿನಲ್ಲಿ ಇರುತ್ತಾರೆ.

ಎಸ್‌ಎಟಿಗೂ ಇದಕ್ಕೂ ಸಂಬಂಧ ಕಮ್ಮಿ. ಈಗಿನ ಡಿಜಿಟಲ್ ಎಸ್‌ಎಟಿಯಲ್ಲಿ ಒಂದೊಂದು ಗದ್ಯಭಾಗ 25ರಿಂದ 150 ಪದ, ಅದಕ್ಕೆ ಒಂದೇ ಪ್ರಶ್ನೆ, ನಾಲ್ಕರಲ್ಲಿ ಒಂದು ಉತ್ತರ ಆರಿಸಿದರೆ ಆಯಿತು. ಮೊದಲು ಎಸ್ಸೇ ಇತ್ತು. 2021ರಲ್ಲಿ ಅದನ್ನೂ ಹೆಚ್ಚುಕಡಿಮೆ ಎಲ್ಲ ಕಡೆ ತೆಗೆದರು. ಅಂದರೆ ಆ 720 ಹೇಳುವುದು ಅವನು ಓದಿದ್ದನ್ನು ಅರ್ಥ ಮಾಡಿಕೊಳ್ಳುತ್ತಾನೆ ಅಂತ ಮಾತ್ರ. ಅರ್ಥ ಆಗಿದ್ದರಿಂದ ಒಂದು ವಾದ ಕಟ್ಟುವುದು ಬೇರೆಯೇ ಕೆಲಸ.

ಎಪಿ ಲ್ಯಾಂಗ್ವೇಜ್ ವಿಷಯಕ್ಕೆ ಬಂದರೆ, ಅಲ್ಲಿ ಮೂರು ಎಸ್ಸೇ ಬರೆಯಬೇಕು. ಒಂದಕ್ಕೆ 6 ಅಂಕ. ಅದರಲ್ಲಿ ಥೀಸಿಸ್‌ಗೆ, ಅಂದರೆ ಎಸ್ಸೇಯ ಮುಖ್ಯ ವಾದಕ್ಕೆ, 1. ಆಧಾರ ಮತ್ತು ಅದರ ವಿವರಣೆಗೆ 4. ಯೋಚನೆಯ ಆಳಕ್ಕೆ 1. ದೊಡ್ಡ ದೊಡ್ಡ ಪದ ಹಾಕಿದ್ದಕ್ಕೆ ಅಂತ ಪ್ರತ್ಯೇಕ ಅಂಕ ಇಲ್ಲ. ಆ ನಾಲ್ಕು ಅಂಕ ಇದೆಯಲ್ಲ, ನಿಮ್ಮ ಮಗನ ಟೀಚರ್ "ಸೋ ವಾಟ್" ಅಂತ ಬರೆದಿರುವುದು ಅಲ್ಲೇ.

ನೀವು ಕನ್ನಡ ಮೀಡಿಯಂ ಅಂದಿರಿ. ಹಾಗಿದ್ದರೆ ಈ ಕೆಲಸ ನಿಮಗೆ ಗೊತ್ತು. ಹೈಸ್ಕೂಲಿನ ಕನ್ನಡ ಪರೀಕ್ಷೆಯಲ್ಲಿ ಒಂದು ವಾಕ್ಯ ಕೊಟ್ಟು ಸಂದರ್ಭದೊಂದಿಗೆ ವಿವರಿಸಿ ಅನ್ನುತ್ತಿದ್ದರಲ್ಲ? ಆಯ್ಕೆ, ಸಂದರ್ಭ, ಸ್ವಾರಸ್ಯ. ಯಾವ ಪಾಠದಿಂದ ಬಂತು, ಯಾರು ಯಾರಿಗೆ ಯಾವಾಗ ಹೇಳಿದರು, ಆ ಮಾತಿನಲ್ಲಿ ಏನಿದೆ. ಅಮೆರಿಕನ್ ಲಿಟರೇಚರ್ ಎಸ್ಸೇಯ ಒಂದು ಪ್ಯಾರಾದಲ್ಲೂ ಈ ಮೂರೇ ಇರುವುದು. ನಿಮ್ಮ ಮಗ ಆಯ್ಕೆ ಬರೆದಿದ್ದಾನೆ, ಸಂದರ್ಭ ಬರೆದಿದ್ದಾನೆ, ಸ್ವಾರಸ್ಯದ ಜಾಗ ಖಾಲಿ ಬಿಟ್ಟಿದ್ದಾನೆ. ಪುಸ್ತಕ ಓದದಿದ್ದರೂ ಅದನ್ನು ನೀವು ಕೇಳಬಹುದು.

ಹುಬ್ಬಳ್ಳಿ ಮಂದಿ

ಟೀಚರ್, ಒಂದು ಮಾತು ಹೇಳ್ತೀನ್ರೀ, ಸಿಟ್ಟಾಗಬೇಡಿ. ಸ್ವಾರಸ್ಯ ಅಂತ ನಾವು ಬರೆಯುತ್ತಿದ್ದುದು ಏನು? "ಈ ಮಾತು ಬಹಳ ಸ್ವಾರಸ್ಯಪೂರ್ಣವಾಗಿದೆ." ಅಷ್ಟೇ! ಉಳಿದಿದ್ದು ಗೈಡ್ ನೋಡಿ ಬಾಯಿಪಾಠ. ನಮ್ಮ ಸರ್ ಅದಕ್ಕೂ ಅಂಕ ಕೊಡುತ್ತಿದ್ದರು. ಅದನ್ನು ಮಗನಿಗೆ ಕಲಿಸಿದರೆ ಅವನೂ ಗ್ಯಾಟ್ಸ್‌ಬಿ ಕೆಳಗೆ ಅದನ್ನೇ ಬರೆದು ಬರುತ್ತಾನೆ.

ಎಡಿಸನ್ ಟೀಚರ್

ಸಿಟ್ಟೇನಿಲ್ಲ, ನಗು ಬಂತು. ನನ್ನ ಕ್ಲಾಸಿನ ಮಕ್ಕಳೂ ಅದನ್ನೇ ಬರೆಯುತ್ತಾರೆ, ಇಂಗ್ಲಿಷಿನಲ್ಲಿ. "ಇದರಿಂದ ಲೇಖಕರು ಓದುಗರ ಮನಸ್ಸಿನಲ್ಲಿ ಬಲವಾದ ಚಿತ್ರ ಮೂಡಿಸುತ್ತಾರೆ" ಅಂತ. ಯಾವ ಪುಸ್ತಕಕ್ಕಾದರೂ ಅಂಟಿಸಬಹುದು. ಒಂದು ಪರೀಕ್ಷೆ ಹೇಳುತ್ತೇನೆ: ನೀವು ಬರೆದ ವಿವರಣೆಯನ್ನು ಬೇರೆ ಪುಸ್ತಕದ ಎಸ್ಸೇಗೆ ಎತ್ತಿ ಇಟ್ಟರೂ ನಡೆಯುತ್ತದೆ ಅಂದರೆ ಅದು ವಿವರಣೆಯೇ ಅಲ್ಲ.

ಗ್ಯಾಟ್ಸ್‌ಬಿಯಲ್ಲೇ ತೋರಿಸುತ್ತೇನೆ. ಐದನೇ ಅಧ್ಯಾಯದಲ್ಲಿ ಶರ್ಟುಗಳ ಒಂದು ದೃಶ್ಯ ಇದೆ. ಎಷ್ಟೋ ವರ್ಷಗಳ ಮೇಲೆ ಹಳೆಯ ಪ್ರೇಯಸಿ ಡೇಸಿ ಗ್ಯಾಟ್ಸ್‌ಬಿಯ ಮನೆಗೆ ಬಂದಿದ್ದಾಳೆ. ಅವನು ಬೀರು ತೆಗೆದು, ಇಂಗ್ಲೆಂಡಿನಿಂದ ತರಿಸಿದ ಶರ್ಟುಗಳನ್ನು ಒಂದೊಂದಾಗಿ ಎಸೆಯುತ್ತಾ ಹೋಗುತ್ತಾನೆ. ರಾಶಿ ಬೀಳುತ್ತದೆ. ಅವಳು ಆ ಬಟ್ಟೆಯಲ್ಲಿ ಮುಖ ಹುದುಗಿಸಿ ಜೋರಾಗಿ ಅಳುತ್ತಾಳೆ. ಯಾಕೆ ಅಂದರೆ, ಇಷ್ಟು ಚಂದದ ಶರ್ಟುಗಳನ್ನು ತಾನು ಯಾವತ್ತೂ ನೋಡಿಯೇ ಇಲ್ಲ ಅಂತಾಳೆ.

ಬಿ ಮೈನಸ್ ಹುಡುಗ ಬರೆಯುವುದು: "ಡೇಸಿ ಶರ್ಟು ನೋಡಿ ಅಳುತ್ತಾಳೆ. ಅವಳಿಗೆ ಹಣದ ಮೇಲೆ ಆಸೆ ಅಂತ ಇದರಿಂದ ಗೊತ್ತಾಗುತ್ತದೆ."

ಈಗ ನೀವು ಕೇಳಿ: ಅವಳ ಗಂಡ ಟಾಮ್ ಬಡವನಾ? ಅಲ್ಲ, ತಲೆತಲಾಂತರದಿಂದ ಬಂದ ದುಡ್ಡಿರುವ ಮನೆತನ. ಹಾಗಾದರೆ ಅವಳ ಮನೆಯಲ್ಲಿ ಒಳ್ಳೆ ಶರ್ಟಿಗೆ ಬರವಾ? ಬರ ಇಲ್ಲದಿದ್ದರೆ ಅಳುವುದು ಶರ್ಟಿಗಲ್ಲ. ಮತ್ತೆ ಯಾವುದಕ್ಕೆ? ಅವನಾದರೂ ಇದೆಲ್ಲ ನಿನಗೋಸ್ಕರ ಸಂಪಾದಿಸಿದೆ ಅಂತ ಬಾಯಿಬಿಟ್ಟು ಹೇಳುತ್ತಾನಾ? ಇಲ್ಲ, ಬಟ್ಟೆ ಎಲ್ಲಿಂದ ಬರುತ್ತದೆ ಅಂತ ಹೇಳುತ್ತಾನೆ. ಇಬ್ಬರೂ ಆಡಬೇಕಾದ ಮಾತನ್ನು ಬಿಟ್ಟು ಸಾಮಾನಿನ ಬಗ್ಗೆ ಮಾತಾಡುತ್ತಿದ್ದಾರೆ. ಇಷ್ಟು ಹೊತ್ತಿಗೆ ಹುಡುಗನ ಕೈಗೆ ಒಂದು ವಾದ ಸಿಕ್ಕಿತು: ಈ ಜನಕ್ಕೆ ಪ್ರೀತಿಯನ್ನಾಗಲಿ ನಷ್ಟವನ್ನಾಗಲಿ ಹೇಳಲು ವಸ್ತು ಬಿಟ್ಟು ಬೇರೆ ಭಾಷೆಯೇ ಉಳಿದಿಲ್ಲ. ಇದನ್ನು ಬೇರೆ ಪುಸ್ತಕಕ್ಕೆ ಅಂಟಿಸಲು ಆಗುವುದಿಲ್ಲ ನೋಡಿ.

ಒಪ್ಪದೆ ಇರಬಹುದು. ಇಲ್ಲ, ಅವಳು ನಿಜವಾಗಿಯೂ ದುಡ್ಡಿಗೇ ಅಳುತ್ತಾಳೆ ಅಂತ ಇನ್ನೊಬ್ಬ ಹುಡುಗಿ ವಾದ ಮಾಡಬಹುದು. ಆಧಾರ ಕೊಟ್ಟರೆ ಅವಳಿಗೂ ಅಷ್ಟೇ ಅಂಕ. ಇದು ನಮ್ಮ ಪೋಷಕರಿಗೆ ಜೀರ್ಣ ಆಗುವುದು ಕಷ್ಟ, "ಸರಿ ಉತ್ತರ ಯಾವುದು ಹೇಳಿಬಿಡಿ ಮೇಡಂ" ಅಂತ ಕೇಳುತ್ತಾರೆ.

ತುಮಕೂರು ಅಪ್ಪ

ನಾನೂ ಅದನ್ನೇ ಕೇಳಬೇಕು ಅಂತಿದ್ದೆ! ಇರಲಿ. ಆದರೆ ಇದನ್ನೆಲ್ಲ ಈಗ ಚಾಟ್‌ಜಿಪಿಟಿ ಬರೆದುಕೊಡುತ್ತದೆ ಅಲ್ವಾ? ಹುಡುಗರು ಅದನ್ನೇ ಮಾಡುವುದು.

ಎಡಿಸನ್ ಟೀಚರ್

ಮಾಡುತ್ತಾರೆ. ಅದಕ್ಕೇ ನಾವು ಎಷ್ಟೋ ಎಸ್ಸೇಗಳನ್ನು ಕ್ಲಾಸಿನಲ್ಲೇ, ಕೈಯಲ್ಲೇ ಬರೆಸುತ್ತಿದ್ದೇವೆ. ಮನೆಯಲ್ಲಿ ಬರೆದದ್ದಾದರೆ ಗೂಗಲ್ ಡಾಕ್ಸ್‌ನ ವರ್ಷನ್ ಹಿಸ್ಟರಿ ತೋರಿಸು ಅನ್ನುತ್ತೇವೆ. ಯಾವ ಹೊತ್ತಿಗೆ ಏನು ಟೈಪ್ ಮಾಡಿದ ಅಂತ ಅದರಲ್ಲಿ ಕಾಣುತ್ತದೆ. ಎರಡು ಪುಟ ಒಂದೇ ಸಲಕ್ಕೆ ಬಂದು ಕೂತಿದ್ದರೆ ಕೇಳುವ ಪ್ರಶ್ನೆ ಬೇರೆ.

ಎಐ ಪತ್ತೆ ಮಾಡುವ ಸಾಫ್ಟ್‌ವೇರ್‌ಗಳನ್ನು ಮಾತ್ರ ನಾನು ನಂಬುವುದಿಲ್ಲ. 2023ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಪರೀಕ್ಷೆ ಮಾಡಿದಾಗ, ಇಂಗ್ಲಿಷ್ ಮನೆಮಾತಲ್ಲದವರು ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆಗೆ ಸ್ವಂತವಾಗಿ ಬರೆದ ಪ್ರಬಂಧಗಳಲ್ಲಿ ಸರಾಸರಿ ಅರ್ಧಕ್ಕಿಂತ ಜಾಸ್ತಿಯನ್ನು ಅವು ಯಂತ್ರ ಬರೆದದ್ದು ಅಂತ ಹೇಳಿದ್ದವು. ಊರಿಂದ ಹೊಸದಾಗಿ ಬಂದ ಮಕ್ಕಳಿದ್ದರೆ ಇದು ಗೊತ್ತಿರಲಿ. ಕರಡು ಪ್ರತಿಗಳನ್ನು ಎಸೆಯಬೇಡಿ, ಇಟ್ಟುಕೊಳ್ಳಿ.

ಬೆಣ್ಣೆದೋಸೆ

ನಾನು ದಾವಣಗೆರೆಯಿಂದ 8ನೇ ಕ್ಲಾಸಿಗೆ ಇಲ್ಲಿಗೆ ಬಂದವಳು. ಈಗ ಕಾಲೇಜು. ಟೀಚರ್ ಹೇಳಿದ್ದಕ್ಕೆ ಎರಡು ವಿಷಯ ಸೇರಿಸುತ್ತೇನೆ, ಯಾಕೆಂದರೆ ಇವೆರಡನ್ನು ಯಾರೂ ನನಗೆ ಬಿಡಿಸಿ ಹೇಳಿರಲಿಲ್ಲ.

ಮೊದಲನೇದು ಥೀಸಿಸ್. ಆರ್ಥರ್ ಮಿಲ್ಲರ್ ನಾಟಕ 'ದಿ ಕ್ರೂಸಿಬಲ್' ಇಲ್ಲಿ ಬಹಳ ಕಡೆ ಇರುತ್ತದೆ. 1692ರಲ್ಲಿ ಸೇಲಂ ಊರಿನಲ್ಲಿ ಮಾಟಗಾತಿಯರು ಅಂತ ಹೇಳಿ ಜನರನ್ನು ನೇಣಿಗೆ ಹಾಕಿದ ಕಥೆ. "ಈ ನಾಟಕ ಸೇಲಂ ವಿಚಾರಣೆಗಳ ಬಗ್ಗೆ ಇದೆ" ಅನ್ನುವುದು ಥೀಸಿಸ್ ಅಲ್ಲ, ಯಾರೂ ಅದಕ್ಕೆ ಅಲ್ಲ ಅನ್ನುವುದಿಲ್ಲವಲ್ಲ. "ಜೀವ ಉಳಿಸಿಕೊಳ್ಳಲು ಸುಳ್ಳು ಹೇಳಲು ಒಪ್ಪಿದ ನಾಯಕ ಪ್ರಾಕ್ಟರ್, ಸಹಿ ಹಾಕಿದ ತಪ್ಪೊಪ್ಪಿಗೆಯನ್ನು ಅವರ ಕೈಗೆ ಕೊಡದೆ ಹರಿದು ಹಾಕುವುದು ಧರ್ಮಕ್ಕಾಗಿ ಅಲ್ಲ, ಹೆಸರಿಗಾಗಿ" ಅಂದರೆ ಅದು ಥೀಸಿಸ್. ಎದುರಿನವರು ಇಲ್ಲ ಅಂತ ವಾದಕ್ಕೆ ಬರಬಹುದು. ಜಗಳಕ್ಕೆ ಜಾಗ ಇರಬೇಕು.

ಎರಡನೇದು ಇತಿಹಾಸ. ನಾವು ಊರಿನಲ್ಲಿ ಕವಿ ಪರಿಚಯ ಬರೆದು ಅಭ್ಯಾಸ ಆದವರು. ಜನನ, ಊರು, ಕೃತಿಗಳು, ಪ್ರಶಸ್ತಿಗಳು. ಇಲ್ಲಿ ಮೊದಲ ಪ್ಯಾರಾ ಪೂರ್ತಿ ಅದನ್ನೇ ತುಂಬಿಸಿದರೆ ಅಂಕ ಬರುವುದಿಲ್ಲ. ನಾಟಕ ಬಂದಿದ್ದು 1953ರಲ್ಲಿ, ಆಗ ಇಲ್ಲಿ ಕಮ್ಯುನಿಸ್ಟರನ್ನು ಹುಡುಕುವ ಗಲಾಟೆ ನಡೆಯುತ್ತಿತ್ತು ಅಂತ ಒಂದೇ ಸಾಲು ಸಾಕು. ಅದೂ ವಾದಕ್ಕೆ ಬೇಕಾದ ಕಡೆ. 1956ರಲ್ಲಿ ಮಿಲ್ಲರ್‌ನನ್ನೇ ಕಾಂಗ್ರೆಸ್ (ಇಲ್ಲಿನ ಸಂಸತ್ತು) ಸಮಿತಿ ಕರೆಸಿ ಬೇರೆಯವರ ಹೆಸರು ಹೇಳು ಅಂದಾಗ ಅವನು ಹೇಳಲಿಲ್ಲ. ಪ್ರಾಕ್ಟರ್ ತನ್ನ ಜೊತೆಯವರ ಹೆಸರು ಹೇಳದೆ ಇರುವ ಜಾಗದಲ್ಲಿ ಇದನ್ನು ತಂದರೆ ಚೆನ್ನಾಗಿರುತ್ತದೆ. ನಾಟಕ ಬರೆದು ಮೂರು ವರ್ಷ ಆದಮೇಲೆ ಅದೇ ಸನ್ನಿವೇಶ ಬರೆದವನ ಮುಂದೆ ಬಂತು. ಮೊದಲ ಪ್ಯಾರಾದಲ್ಲಿ ಹಾಕಿದರೆ ಅದು ಬರೀ ಜಿಕೆ.

ಇನ್ನೊಂದು. ಐದು ಪ್ಯಾರಾ ಎಸ್ಸೇಯನ್ನು (ಪೀಠಿಕೆ, ಮೂರು ವಿವರಣೆ, ಮುಕ್ತಾಯ) ಎಲ್ಲರೂ ಬೈಯುತ್ತಾರೆ. ಕಾಲೇಜಿನಲ್ಲಿ ಪ್ರೊಫೆಸರ್‌ಗಳು ಅದನ್ನು ಮರೆತುಬಿಡಿ ಅಂತಲೇ ಶುರು ಮಾಡಿದರು. ಆದರೆ ಭಾಷೆಯೇ ಹೊಸದಾಗಿದ್ದಾಗ ನನಗೆ ಅದು ಆಸರೆ ಆಯಿತು. ಈಗಲೂ ಅದನ್ನು ಬೈಯಲು ಮನಸ್ಸಿಲ್ಲ.

ಕಾಫಿ ತೋಟ

ಸಂಬಂಧಪಟ್ಟ ಪ್ರಶ್ನೆ. ಮಗಳ ಕ್ಲಾಸಿನಲ್ಲಿ ಮುಂದಿನ ತಿಂಗಳು ಮಾರ್ಕ್ ಟ್ವೈನ್‌ನ ಕಾದಂಬರಿ 'ಹಕಲ್‌ಬೆರಿ ಫಿನ್' ಅಂತೆ. ಅದರಲ್ಲಿ ಕರಿಯ ಜನರಿಗೆ ಬಳಸುವ ಆ ಕೆಟ್ಟ ಪದ ಪುಟಪುಟಕ್ಕೂ ಇದೆಯಂತೆ. ಮಕ್ಕಳ ಕೈಗೆ ಇದನ್ನು ಯಾಕೆ ಕೊಡುತ್ತಾರೆ?

ಎಡಿಸನ್ ಟೀಚರ್

200ಕ್ಕೂ ಜಾಸ್ತಿ ಸಲ ಇದೆ. 1885ರಲ್ಲಿ ಇಲ್ಲಿ ಪ್ರಕಟವಾದಾಗಿನಿಂದಲೂ ಈ ಪುಸ್ತಕದ ಮೇಲೆ ಜಗಳ ಇದ್ದೇ ಇದೆ. ಆಗ ಬೈದದ್ದು ಒರಟು ಭಾಷೆ, ಹುಡುಗರು ಹಾಳಾಗುತ್ತಾರೆ ಅಂತ. ಈಗ ಬೈಯುವುದು ಆ ಪದಕ್ಕೆ. 2011ರಲ್ಲಿ ಆ ಪದ ತೆಗೆದು "ಗುಲಾಮ" ಅಂತ ಹಾಕಿದ ಒಂದು ಆವೃತ್ತಿ ಬಂತು, ಅದಕ್ಕೂ ಜಗಳ ಆಯಿತು. ಕೆಲವು ಸ್ಕೂಲ್ ಡಿಸ್ಟ್ರಿಕ್ಟ್‌ಗಳು ಕಡ್ಡಾಯ ಪಟ್ಟಿಯಿಂದ ತೆಗೆದಿವೆ.

ನನ್ನ ಅಭಿಪ್ರಾಯ: ಓದಿಸಬಹುದು, ಆದರೆ ಒಂಟಿಯಾಗಿ ಅಲ್ಲ. ಕಥೆ ಹೇಳುವ ಬಿಳಿ ಹುಡುಗ ಹಕ್‌ಗೆ ಗೊತ್ತಿರುವುದು, ಅವನ ಜೊತೆ ತಪ್ಪಿಸಿಕೊಂಡು ಹೋಗುವ ಗುಲಾಮ ಜಿಮ್‌ನ ಹೊರಗಿನ ಅರ್ಧ. ಗುಲಾಮನಾಗಿದ್ದವನೇ ಬರೆದದ್ದು ಬೇಕು ಅಂದರೆ ಫ್ರೆಡರಿಕ್ ಡಗ್ಲಸ್‌ನ 1845ರ ಆತ್ಮಕಥೆ ಇದೆ, ಪುಟಗಳೂ ಕಮ್ಮಿ. ಅದರಲ್ಲಿ ಡಗ್ಲಸ್ ಓದು ಕಲಿತ ಭಾಗ ನೋಡಿ. ಯಜಮಾನಿ ಅಕ್ಷರ ಕಲಿಸಲು ಶುರು ಮಾಡುತ್ತಾಳೆ, ಯಜಮಾನ ತಡೆಯುತ್ತಾನೆ. ಅವನ ಬೈಗುಳ ಕೇಳಿಯೇ ಹುಡುಗನಿಗೆ ಗೊತ್ತಾಗುತ್ತದೆ, ಬಿಡುಗಡೆಯ ದಾರಿ ಇದೇ ಅಂತ. ಆಮೇಲೆ ಬೀದಿಯ ಬಡ ಬಿಳಿ ಹುಡುಗರಿಗೆ ಬ್ರೆಡ್ಡು ಕೊಟ್ಟು, ಬದಲಿಗೆ ಪಾಠ ಹೇಳಿಸಿಕೊಳ್ಳುತ್ತಾನೆ. ತಿನ್ನಲು ಬ್ರೆಡ್ಡು ಅವನ ಹತ್ತಿರ ಇತ್ತು, ಅವರ ಹತ್ತಿರ ಇರಲಿಲ್ಲ. ಅಕ್ಷರ ಅವರ ಹತ್ತಿರ ಇತ್ತು. ಒಂದೇ ಪ್ಯಾರಾದಲ್ಲಿ ಎಷ್ಟು ಕೇಳಬಹುದು ನೋಡಿ. ಪರ್ಸಿವಲ್ ಎವೆರೆಟ್ ಅವರ 'ಜೇಮ್ಸ್' ಕೂಡ ಇದೆ, ಹಕ್‌ನ ಕಥೆಯನ್ನೇ ಜಿಮ್ ಹೇಳುವಂತೆ ಬರೆದದ್ದು. 2025ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು.

ಕ್ಲಾಸಿನಲ್ಲಿ ಆ ಪದವನ್ನು ಗಟ್ಟಿಯಾಗಿ ಓದಿಸುತ್ತಾರಾ ಅಂತ ಟೀಚರ್‌ಗೆ ಮೊದಲೇ ಮೇಲ್ ಹಾಕಿ ಕೇಳಿ. ನಾನು ಓದಿಸುವುದಿಲ್ಲ. ಹಾಗೆ ಕೇಳಿದ್ದಕ್ಕೆ ಯಾರೂ ತಪ್ಪು ತಿಳಿಯುವುದಿಲ್ಲ.

ಬೆಂಗಳೂರು ಟು ಬಾಸ್ಟನ್

ಜುಲೈನಲ್ಲಿ ಶಿಫ್ಟ್ ಆಗುತ್ತಿದ್ದೇವೆ. ಮಗಳು ಐಸಿಎಸ್‌ಇ 10 ಮುಗಿಸಿದ್ದಾಳೆ. ಷೇಕ್ಸ್‌ಪಿಯರ್ ನಾಟಕವನ್ನು ಸಾಲು ಸಾಲು ಬಿಡದೆ ಓದಿದ್ದಾಳೆ. ಅಲ್ಲಿಗೆ ಬಂದರೆ ಕಷ್ಟ ಆಗುತ್ತದಾ?

ಬೆಣ್ಣೆದೋಸೆ

ಓದುವುದರಲ್ಲಿ ನಿಮ್ಮ ಮಗಳು ಇಲ್ಲಿಯವರಿಗಿಂತ ಮುಂದೆ ಇರುತ್ತಾಳೆ ಅಂಕಲ್, ನಿಜವಾಗಿ. ಕಷ್ಟ ಆಗುವುದು ಬೇರೆ ಕಡೆ. ಅಲ್ಲಿ ಗೈಡ್‌ನಿಂದ ಒಳ್ಳೆಯ ವಾಕ್ಯ ಎತ್ತಿ ಬರೆದರೆ ಚೆನ್ನಾಗಿ ಓದಿಕೊಂಡಿದ್ದಾಳೆ ಅನ್ನುತ್ತಾರೆ. ಇಲ್ಲಿ ಅದಕ್ಕೆ ಪ್ಲೇಜಿಯರಿಸಂ ಅಂತ ಸೊನ್ನೆ, ಮನೆಗೆ ಫೋನು. ವಾಕ್ಯ ಬದಲಿಸಿ ಬರೆದರೂ ಯೋಚನೆ ಯಾರದ್ದೋ ಅವರ ಹೆಸರು ಹಾಕಬೇಕು. ಹಾಗೆ ಹೆಸರು ಹಾಕಲು ಎಂಎಲ್‌ಎ ಎಂಬ ಪದ್ಧತಿ ಇಂಗ್ಲಿಷ್ ಕ್ಲಾಸಿಗೆ ಸಾಮಾನ್ಯ: ಸಾಲು ಮುಗಿದ ಕೂಡಲೇ ಆವರಣದಲ್ಲಿ ಲೇಖಕರ ಕೊನೆಯ ಹೆಸರು, ಪುಟ ಸಂಖ್ಯೆ, ನಡುವೆ ಅಲ್ಪವಿರಾಮ ಇಲ್ಲ. ಕೊನೆಯಲ್ಲಿ ಗ್ರಂಥಗಳ ಪಟ್ಟಿ. ಪರ್ಡ್ಯೂ ಯೂನಿವರ್ಸಿಟಿಯ ರೈಟಿಂಗ್ ಲ್ಯಾಬ್ ವೆಬ್‌ಸೈಟಿನಲ್ಲಿ ಎಲ್ಲ ಪುಕ್ಕಟೆ ಇದೆ, ಬರುವ ಮೊದಲೇ ನೋಡಿಕೊಳ್ಳಲಿ.

ಎಡಿಸನ್ ಟೀಚರ್

ಬಾಸ್ಟನ್ ಅಂದರೆ ಅದೃಷ್ಟ. ಕಾಂಕರ್ಡ್ ಹತ್ತಿರದಲ್ಲೇ ಇದೆ. ಎಮರ್ಸನ್, ಥೋರೋ, ಹಾಥಾರ್ನ್, ಲೂಯಿಸಾ ಆಲ್ಕಾಟ್, ಈ ಲೇಖಕರೆಲ್ಲರೂ ಅದೇ ಊರಿನಲ್ಲಿ ಇದ್ದವರು, ಸ್ಮಶಾನವೂ ಒಂದೇ. ವಾಲ್ಡನ್ ಕೊಳಕ್ಕೆ ಒಂದು ಭಾನುವಾರ ಕರೆದುಕೊಂಡು ಹೋಗಿ. ಆ ದಡದಲ್ಲಿ ಕೂತು ಭಗವದ್ಗೀತೆ ಓದುತ್ತಿದ್ದೆ ಅಂತ ಥೋರೋ ತನ್ನ 1854ರ ಪುಸ್ತಕ 'ವಾಲ್ಡನ್'ನಲ್ಲಿ ಬರೆದುಕೊಂಡಿದ್ದಾನೆ.

ಆದರೆ ಪರೀಕ್ಷೆಗೆ ಜಾಸ್ತಿ ಉಪಯೋಗ ಆಗುವುದು ಅವನ ಒಂದು ಪ್ರಬಂಧ, ಈಗ 'ಸಿವಿಲ್ ಡಿಸ್ಒಬೀಡಿಯನ್ಸ್' ಅಂತ ಕರೆಯುವುದು. ಗುಲಾಮಗಿರಿ ಮತ್ತು ಮೆಕ್ಸಿಕೋ ಯುದ್ಧಕ್ಕೆ ವಿರೋಧವಾಗಿ ತೆರಿಗೆ ಕಟ್ಟಲಿಲ್ಲ, 1846ರಲ್ಲಿ ಒಂದು ರಾತ್ರಿ ಜೈಲಿನಲ್ಲಿ ಕಳೆದ. ಮೂರು ವರ್ಷದ ಮೇಲೆ, ಕಾನೂನು ಮೀರುವ ಹಕ್ಕಿನ ಬಗ್ಗೆ ಬರೆದ ಆ ಪ್ರಬಂಧ ಅಚ್ಚಾಯಿತು. ಗಾಂಧೀಜಿ ಅದನ್ನು ಓದಿದರು, ಮಾರ್ಟಿನ್ ಲೂಥರ್ ಕಿಂಗ್ ಇಬ್ಬರನ್ನೂ ಓದಿದರು. 1963ರಲ್ಲಿ ಕಿಂಗ್ ಬರ್ಮಿಂಗ್‌ಹ್ಯಾಂ ಜೈಲಿನಿಂದ ಬರೆದ ಪತ್ರ ಎಪಿ ಲ್ಯಾಂಗ್ವೇಜ್ ಕ್ಲಾಸುಗಳಲ್ಲಿ ತಪ್ಪದೆ ಬರುತ್ತದೆ.

ಆ ಪತ್ರದ ಮೇಲೆ ಬರೆಯುವಾಗ ಮಕ್ಕಳು ಈಥೋಸ್, ಪೇಥೋಸ್, ಲೋಗೋಸ್ (ಮಾತಾಡುವವರ ಮೇಲಿನ ನಂಬಿಕೆ, ಭಾವನೆ, ತರ್ಕ) ಅಂತ ಮೂರು ಪ್ಯಾರಾ ಮಾಡಿ ಮುಗಿಸುತ್ತಾರೆ. ದಯವಿಟ್ಟು ಬೇಡ. ಅಲಂಕಾರದ ಹೆಸರು ಹೇಳಿದರೆ ಅದು ವಿಶ್ಲೇಷಣೆ ಆಗುವುದಿಲ್ಲ. ಒಂದು ಕಡೆ ಕಿಂಗ್ ಒಂದೇ ವಾಕ್ಯವನ್ನು ಉದ್ದಕ್ಕೂ ಎಳೆಯುತ್ತಾರೆ. ನೀವು ಇದನ್ನು ಕಂಡಾಗ, ನೀವು ಅದನ್ನು ಕಂಡಾಗ ಅಂತ ಅನ್ಯಾಯಗಳನ್ನು ಒಂದರ ಮೇಲೊಂದು ಹೇರುತ್ತಾರೆ. ಪೂರ್ಣವಿರಾಮ ಬರುವುದೇ ಇಲ್ಲ. ಕೊನೆಗೆ, ನಮಗೆ ಕಾಯುವುದು ಯಾಕೆ ಕಷ್ಟ ಅಂತ ಆಗ ನಿಮಗೆ ಗೊತ್ತಾಗುತ್ತದೆ ಅಂತ ಮುಗಿಸುತ್ತಾರೆ. ಪತ್ರ ಯಾರಿಗೆ? ಸ್ವಲ್ಪ ಕಾಯಿರಿ ಅಂದ ಎಂಟು ಮಂದಿ ಬಿಳಿಯ ಧರ್ಮಗುರುಗಳಿಗೆ. ಅವರನ್ನೇ ವಾಕ್ಯ ಮುಗಿಯುವ ತನಕ ಕಾಯಿಸಿದ್ದಾರೆ. ಇದಕ್ಕೆ ಗ್ರೀಕ್ ಹೆಸರು ಗೊತ್ತಿಲ್ಲದಿದ್ದರೂ ನಡೆಯುತ್ತದೆ.

ಹುಬ್ಬಳ್ಳಿ ಮಂದಿ

ಹೀಗೆ ಪಾಠ ಮಾಡುವವರು ಇದ್ದಿದ್ದರೆ ನಾನೂ ಸ್ವಾರಸ್ಯ ಬರೆಯುತ್ತಿದ್ದೆ ಬಿಡ್ರೀ.

ಫ್ರಿಸ್ಕೋ ಅಮ್ಮ

ಟೀಚರ್ ಹೇಳಿದ ಹಾಗೆ ಮಗನನ್ನು ಊಟದ ಹೊತ್ತಿಗೆ ಕೂರಿಸಿಕೊಂಡು ಕೇಳಿದೆ. ಆಯ್ಕೆ, ಸಂದರ್ಭ ಎಲ್ಲ ನಾನು ಕನ್ನಡದಲ್ಲೇ ಕೇಳಿದ್ದು, ಅವನು ಇಂಗ್ಲಿಷಿನಲ್ಲಿ ಹೇಳಿದ. ಡೇಸಿ ಮನೆಯ ಹತ್ತಿರ ಉರಿಯುವ, ಗ್ಯಾಟ್ಸ್‌ಬಿ ದೂರದಿಂದ ನೋಡುವ ಹಸಿರು ದೀಪದ ಪ್ಯಾರಾ ಮತ್ತೆ ಬರೆದಿದ್ದಾನೆ. ಮೊದಲು ಇದ್ದದ್ದು "ಹಸಿರು ದೀಪ ಗ್ಯಾಟ್ಸ್‌ಬಿಯ ಕನಸಿನ ಸಂಕೇತ" ಅಂತ ಅಷ್ಟೇ. ಈಗಿನದು ನಾನು ಅರ್ಥ ಮಾಡಿಕೊಂಡ ಹಾಗೆ: "ಡೇಸಿ ಪಕ್ಕದಲ್ಲೇ ನಿಂತಿರುವಾಗಲೂ ಗ್ಯಾಟ್ಸ್‌ಬಿ ಅವಳಿಗೆ ದೀಪದ ಬಗ್ಗೆ ಹೇಳುತ್ತಾನೆ. ಅವಳು ಸಿಕ್ಕ ಮೇಲೆ ಆ ದೀಪದ ಬೆಲೆ ಹೋಯಿತು ಅಂತ ಕಥೆ ಹೇಳುವ ನಿಕ್ ಅಂದುಕೊಳ್ಳುತ್ತಾನೆ. ಇದರಿಂದ ಗ್ಯಾಟ್ಸ್‌ಬಿಗೆ ಡೇಸಿಗಿಂತ ಅವಳಿಗಾಗಿ ಕಾಯುವುದೇ ಹೆಚ್ಚು ಇಷ್ಟ ಇತ್ತು ಅಂತ ಸ್ಪಷ್ಟವಾಗಿ ಗೊತ್ತಾಗುತ್ತದೆ." ಶುಕ್ರವಾರ ತಿದ್ದಿದ ಪ್ರತಿ ಕೊಡಬೇಕು. ಹೇಗಿದೆ?

ಎಡಿಸನ್ ಟೀಚರ್

ಚೆನ್ನಾಗಿದೆ. ನಿಜವಾಗಿ ಚೆನ್ನಾಗಿದೆ. ಅವನದೇ ಯೋಚನೆ ಅಂತ ಕಾಣುತ್ತದೆ.

ತಿದ್ದುವುದು ಎರಡೇ. "ಸ್ಪಷ್ಟವಾಗಿ" ತೆಗೆಯಲಿ. ಅಷ್ಟು ಸ್ಪಷ್ಟ ಇದ್ದಿದ್ದರೆ ಎಸ್ಸೇ ಬೇಕಿರಲಿಲ್ಲ. ಆಮೇಲೆ, ನಿಕ್ ಅಂದುಕೊಂಡದ್ದು ಅಂತ ಅವನೇ ಬರೆದಿದ್ದಾನಲ್ಲ, ಗ್ಯಾಟ್ಸ್‌ಬಿಗೆ ಹಾಗೆ ಅನ್ನಿಸಿತು ಅನ್ನಲು ನಿಕ್‌ನ ಮಾತು ಸಾಕಾ ಅಂತ ಒಂದು ವಾಕ್ಯ ಸೇರಿಸಲಿ. ಕಥೆ ಪೂರ್ತಿ ನಮಗೆ ನಿಕ್ ಬಾಯಿಂದಲೇ ಬರುತ್ತಿರುವುದು. ಆ ಅನುಮಾನವನ್ನು ಎಸ್ಸೇಯೊಳಗೇ ತಂದರೆ ಆ ಕೊನೆಯ ಒಂದು ಅಂಕಕ್ಕೂ ದಾರಿ ಆಗುತ್ತದೆ. ಪುಟ ಸಂಖ್ಯೆ ಇಂಟರ್‌ನೆಟ್‌ನಿಂದ ತೆಗೆದುಕೊಳ್ಳಬೇಡಿ, ಅವನ ಕೈಯಲ್ಲಿರುವ ಪ್ರತಿಯದ್ದೇ ಹಾಕಲಿ. 2021ರಲ್ಲಿ ಕಾಪಿರೈಟ್ ಮುಗಿದ ಮೇಲೆ ಹತ್ತಾರು ಪ್ರಕಾಶಕರು ಅಚ್ಚು ಹಾಕಿದ್ದಾರೆ, ಒಂದರ ಪುಟ ಇನ್ನೊಂದಕ್ಕೆ ತಾಳೆ ಆಗುವುದಿಲ್ಲ.